ನಮ್ಮ ಮನೆಗೆ ಹೊಂದುವ ಸಮುದ್ರ

ಬೇರೆಯವರ ಮನೆಯಲ್ಲಿ ಒಂದು ಕೆಲಸ ಆಗಬೇಕು ಅಂದರೆ ಅದು ಆಗಿಬಿಡುತ್ತದೆ. ನಮ್ಮ ಮನೆಯಲ್ಲಿ ಹಾಗಲ್ಲ. ಮೊದಲು ಅದರ ಸುತ್ತ ಏನಾದರೊಂದು ನಡೆಯಬೇಕು, ಬೀದಿಯವರೆಲ್ಲ ನಗಬೇಕು, ಅಷ್ಟಾದ ಮೇಲೂ ಉಸಿರು ಉಳಿದಿದ್ದರೆ ಕೆಲಸ ಆಗುತ್ತದೆ. ಮಂಚ ಕೊಳ್ಳಲು ಹೋದಾಗಲೂ ಹಾಗೇ ಆಯಿತು, ಮಗನಿಗೆ ಹೆಸರಿಡುವಾಗಲೂ ಹಾಗೇ ಆಯಿತು. ಆದರೆ ಎಪ್ಪತ್ತರ ದಶಕದಲ್ಲಿ ಒಂದು ದಸರಾ ರಜೆಗೆ ನಾವು ಸಮುದ್ರ ನೋಡಲು ಹೊರಟೆವಲ್ಲ, ಅದನ್ನು ಈಗಲೂ ಯಾರಾದರೂ ನೆಂಟರು ಬಂದರೆ ನನ್ನ ಕೈಲಿ ಹೇಳಿಸುತ್ತಾರೆ.

ನಾವಿದ್ದದ್ದು ವಿಜಯನಗರದಲ್ಲಿ. ನಮ್ಮವರು ಬಿನ್ನಿಪೇಟೆ ಕಡೆ ಒಂದು ಗಿರಣಿಯ ಆಫೀಸಿನಲ್ಲಿ ಗುಮಾಸ್ತರು. ನಾನು ಟ್ರಂಕ್ ಕಾಲ್ ಆಪರೇಟರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಂದು ಊರಿನವರನ್ನು ಇನ್ನೊಂದು ಊರಿನವರಿಗೆ ಜೋಡಿಸುವ ಕೆಲಸ. ಐದನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ. ಜೊತೆಗೆ ಅತ್ತೆ.

ಅತ್ತೆ ರಾಣೆಬೆನ್ನೂರು ಕಡೆಯವರು. ಹಿಂದಿನ ವರ್ಷ ಮಾವ ತೀರಿಕೊಂಡ ಮೇಲೆ ನಮ್ಮವರು ಹೋಗಿ ಕರೆದುಕೊಂಡು ಬಂದಿದ್ದರು. ಬಂದ ದಿನ ಹೊರಗಿನ ಕೋಣೆಯ ಗೋಡೆಗೆ ಒರಗಿ ಕೂತವರು ಅಲ್ಲಿಂದ ಏಳಲೇ ಇಲ್ಲ. ಸಿಟ್ಟಿಲ್ಲ, ಅಳುವಿಲ್ಲ. ಏನು ಕೇಳಿದರೂ "ನನಗ್ಯಾಕ ಬೇಕವಾ" ಅನ್ನುವರು. ಊಟಕ್ಕೆ ಏನು ಮಾಡಲಿ ಅಂದರೂ ಅದೇ, ಲಾಲ್‌ಬಾಗ್ ನೋಡಿ ಬರೋಣ ಅಂದರೂ ಅದೇ. ನಮ್ಮವರಿಗೆ ಒಳಗೊಳಗೇ ಕೊರಗು. ಅವರ ಆಫೀಸಿನ ಒಬ್ಬರು ಸಮುದ್ರಕ್ಕೆ ಹೋಗಿ ಬಂದು, "ಅಲ್ಲಿ ನಿಂತ್ರೆ ಮನಸ್ಸಲ್ಲಿರೋದೆಲ್ಲ ತೊಳ್ಕೊಂಡು ಹೋಗುತ್ತೆ ಕಣ್ರೀ" ಅಂದರಂತೆ. ಅವತ್ತೇ ಸಂಜೆ ನಮ್ಮವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ರಜಕ್ಕೆ ಸಮುದ್ರಕ್ಕೆ ಹೋಗೋದೇ" ಅಂದರು. ಯಾವ ಸಮುದ್ರ, ಎಲ್ಲಿಯ ದಂಡೆ, ಅದು ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಮುಂದಿನದೆಲ್ಲ ಆದದ್ದು.

ಅತ್ತೆ ನೋಡಿದ್ದ ಡ್ಯಾಮು

ಮನೆಯಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಆದ್ದರಿಂದ ಎಲ್ಲರಿಗೂ ಅದರ ಬಗ್ಗೆ ಅಭಿಪ್ರಾಯವಿತ್ತು. ಮಗನಿಗೆ ತಿಮಿಂಗಿಲ ಇರುವ ದಂಡೆ ಬೇಕು. ಮಗಳಿಗೆ ಕಪ್ಪೆಚಿಪ್ಪು ಸಿಗುವ ದಂಡೆ ಬೇಕು. ನನಗೆ ಯಾವ ದಂಡೆಯಾದರೂ ಸರಿ, ಆ ನಾಲ್ಕು ದಿನ ಬೇರೆ ಯಾರಾದರೂ ಬೇಯಿಸಿ ತಟ್ಟೆಗೆ ಬಡಿಸಿದರೆ ಸಾಕು. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ನಮ್ಮವರು ತಾಯಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತರು. "ಅವ್ವಾ, ಸಮುದ್ರ ನೋಡಾಕ ಹೋಗೂಣು."

"ನನಗ್ಯಾಕ ಬೇಕೋ ತಮ್ಮಾ."

"ಎಷ್ಟು ದೊಡ್ಡದು ಅಂತೀ ಅದು. ಒಂದು ದಂಡಿಗೆ ನಿಂತರ ಇನ್ನೊಂದು ದಂಡಿ ಕಾಣೂದಿಲ್ಲ."

ಅತ್ತೆ ಸ್ವಲ್ಪ ಯೋಚನೆ ಮಾಡಿದರು. ಮಾತಾಡುವ ಮನಸ್ಸು ಬಂದದ್ದು ಅದೇ ಮೊದಲು ಅಂತ ನನಗೆ ಅನ್ನಿಸಿ, ಹಿಟ್ಟು ಕಲಸುವ ಕೈ ನಿಲ್ಲಿಸಿ ಬಾಗಿಲಿಗೆ ಬಂದೆ.

"ನಿಮ್ಮಪ್ಪ ನನ್ನ ಹೊಸಪೇಟಿ ಡ್ಯಾಮಿಗೆ ಕರಕೊಂಡು ಹೋಗಿದ್ದ. ಅಲ್ಲೂ ಆ ಕಡೆ ದಂಡಿ ಕಾಣೂದಿಲ್ಲ."

"ಡ್ಯಾಮು ಬ್ಯಾರೆ, ಸಮುದ್ರ ಬ್ಯಾರೆ ಅವ್ವಾ."

"ಏನ್ ಬ್ಯಾರೆ? ಅದೂ ನೀರು, ಇದೂ ನೀರು. ಅದನ್ನ ಕುಡೀಬೌದು, ಹೊಲಕ್ಕ ಬಿಡಬೌದು. ಇದರಾಗ ಉಪ್ಪು ಹಾಕಿ ಕೆಡಿಸ್ಯಾರಂತ. ಕೆಟ್ಟ ನೀರು ನೋಡಾಕ ಅಷ್ಟು ದೂರ ಯಾಕ ಹೋಗಬೇಕು?"

ಕೊನೆಗೆ ಅತ್ತೆಯೇ ಮಗನ ಮುಖ ನೋಡಿ ಕನಿಕರಪಟ್ಟು ಒಂದು ಷರತ್ತು ಹಾಕಿದರು. ಬರೀ ನೀರಿಗೆ ಬರುವುದಿಲ್ಲ, ಹತ್ತಿರದಲ್ಲಿ ದೇವರಿರಬೇಕು. "ದೇವರು ನೋಡಾಕ ಹೋಗಿದ್ವಿ, ದಾರಿಯಾಗ ಸಮುದ್ರ ಅಡ್ಡ ಬಂತು ಅಂದರ ನಾಕು ಮಂದಿಯಾಗ ಹೇಳಾಕ ಛಲೋ ಇರತೈತಿ."

ಗೋವಾ ಬಿದ್ದುಹೋದದ್ದು

ನಮ್ಮವರು ಮಗಳ ಶಾಲೆಯ ಭೂಪಟ ನೆಲಕ್ಕೆ ಹಾಸಿದರು. ನೀಲಿ ಬಣ್ಣದ ಪಕ್ಕದಲ್ಲಿ ಇದ್ದ ಊರುಗಳನ್ನೆಲ್ಲ ಬೆರಳಿನಲ್ಲಿ ಮುಟ್ಟುತ್ತಾ ಮೇಲಿಂದ ಕೆಳಕ್ಕೆ ಬಂದರು, ಮತ್ತೆ ಕೆಳಗಿಂದ ಮೇಲಕ್ಕೆ ಹೋದರು. ಯಾವ ಕಡೆಯಿಂದ ಹೊರಟರೂ ಬೆರಳು ಗೋವಾದಲ್ಲಿ ನಿಲ್ಲುತ್ತಿತ್ತು.

"ಗೋವಾ ಒಳ್ಳೇದು ಅಂತಾರೆ" ಅಂದರು.

ಅಷ್ಟರಲ್ಲಿ ಬಾಡಿಗೆಗೆಂದು ಮನೆ ಮಾಲೀಕರಾದ ಗೌಡರು ಬಂದರು. ಮೂಡಲಪಾಳ್ಯದ ಕಡೆಯ ಹಳೇ ಒಕ್ಕಲು. ಹೊಲ ಎಲ್ಲ ಬಡಾವಣೆಗೆ ಹೋಗಿ, ಬದಲಿಗೆ ಸಿಕ್ಕ ಜಾಗದಲ್ಲಿ ಸಾಲಾಗಿ ಮನೆ ಕಟ್ಟಿಸಿ, ಹಿಂದುಗಡೆ ಎಮ್ಮೆಗಳನ್ನು ಕಟ್ಟಿಕೊಂಡಿದ್ದರು. ಒಳ್ಳೆಯ ಮನುಷ್ಯ. ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬರಲು ಅವರಿಗೆ ಹೊತ್ತೇ ಹಿಡಿಯುತ್ತಿರಲಿಲ್ಲ.

"ಗೋವಾನಾ ಸಾ? ನಮ್ಮ ಭಾವಮೈದ ಲಾರಿ ತಗಂಡು ಓಗಿದ್ದ. ಅಲ್ಲಿ ಇಪ್ಪಿಗಳು ಅಂತ ಬಂದವ್ರಂತೆ, ಬಿಳೀ ಜನ. ಮರಳ ಮ್ಯಾಲೆ ಮಲಗಿರ್ತಾರಂತೆ." ಗೌಡರು ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದರು. "ಮೈ ಮೇಲೆ ಒಂದು ನೂಲೂ ಇರಾಕಿಲ್ವಂತೆ ಸಾ. ಎಂಗಸ್ರೂ ಅಂಗೇ."

ನಾನು ನಮ್ಮವರ ಮುಖ ನೋಡಿದೆ. ಅವರು ಭೂಪಟ ನೋಡಿದರು.

"ಅದಕ್ಕಲ್ಲ ಕಣೇ" ಅಂದರು, ನಾನು ಏನೂ ಕೇಳದೆ ಇದ್ದರೂ. "ಅಲ್ಲಿ ಹಳೇ ಹಳೇ ಚರ್ಚುಗಳಿವೆಯಂತೆ." ಮದುವೆಯಾದಾಗಿನಿಂದ ಇಲ್ಲದ ಭಕ್ತಿ ಅವರಿಗೆ ಅವತ್ತು ಚರ್ಚುಗಳ ಮೇಲೆ ಉಕ್ಕಿಬಂದಿತ್ತು.

ಅತ್ತೆಗೆ ಕಿವಿ ಚುರುಕು. ಗೌಡರು ತಗ್ಗಿಸಿದ ದನಿಯೂ ಅವರಿಗೆ ಕೇಳಿಸಿತ್ತು. ಬೈಯುತ್ತಾರೆ ಅಂತ ನಾವೆಲ್ಲ ಕಾದೆವು. ಅವರು ಗೋಡೆ ಹಿಡಿದು ಎದ್ದು ನಿಂತು, ಒಳಗೆ ಹೋಗಿ, ತಮ್ಮ ಟ್ರಂಕು ತೆಗೆದು ತಡಕಾಡಲು ಶುರುಮಾಡಿದರು. "ಏನ್ ಹುಡುಕ್ತಾ ಇದೀರಿ ಅತ್ತೆ?" ಅಂತ ನಾನು ಹಿಂದೆಯೇ ಹೋದೆ.

"ಹಳೇ ಸೀರಿ ಅದಾವು ನೋಡವಾ, ಎರಡು ಮೂರು. ಪಾಪ, ಯಾವ ದೇಶದಿಂದ ಬಂದ ಮಕ್ಕಳೋ, ಹಾಕ್ಕೊಳ್ಳಾಕ ಅರಿವಿ ಇಲ್ಲಂದರ ಏನ್ ಮಾಡ್ತಾವು? ನಾವು ಹೋಗಲಿ ಬಿಡಲಿ, ಗೌಡರ ಭಾವಮೈದ ಮತ್ತ ಹೋದರ ಕೊಟ್ಟು ಕಳಿಸೂಣು."

ಸಮುದ್ರದ ಊರುಗಳ ಅಭಿಪ್ರಾಯ

ಗೋವಾ ಬಿದ್ದುಹೋದ ಮೇಲೆ ನಮ್ಮವರು ಜವಾಬ್ದಾರಿಯನ್ನು ನನಗೆ ದಾಟಿಸಿದರು. "ನೀನು ದಿನಾ ಅಷ್ಟು ಊರಿನವರ ಜೊತೆ ಮಾತಾಡ್ತೀಯ. ಕೇಳಿ ನೋಡು" ಅಂದರು.

ನಮಗೆ ಲೈನಿನಲ್ಲಿ ಸ್ವಂತ ಮಾತು ಆಡಬಾರದು ಅಂತ ನಿಯಮ. ಆದರೆ ಮಧ್ಯಾಹ್ನ ಊಟವಾದ ಮೇಲೆ ಕರೆಗಳು ಕಡಿಮೆಯಾಗಿ ಎಲ್ಲಾ ಊರಿನ ಆಪರೇಟರುಗಳೂ ಆಕಳಿಸುತ್ತಿರುವ ಹೊತ್ತು ಒಂದಿರುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ದನಿಯ ಮೇಲೇ ಸ್ನೇಹ.

ಮೊದಲು ಕಾರವಾರವನ್ನು ಹಿಡಿದೆ. "ನಿಮ್ಮೂರಿನ ಬೀಚು ಹೇಗಿದೆ ಅಂತ ಹೇಳ್ರೀ, ಮಕ್ಕಳನ್ನ ಕರ್ಕೊಂಡು ಬರಬೇಕು."

"ಇಲ್ಲಿಗಾ? ಇಲ್ಲಿ ಎಂತದೂ ಇಲ್ಲ. ಮಂಗಳೂರಿಗೆ ಹೋಗಿ, ಅದು ದೊಡ್ಡ ಊರು."

ಮಂಗಳೂರಿನ ಆಪರೇಟರು ಗಟ್ಟಿ ದನಿಯ ಹೆಂಗಸು. "ಸಮುದ್ರವಾ? ಉಂಟು ಮಾರಾಯ್ರೆ, ಅದು ಎಲ್ಲಿಗೆ ಹೋಗ್ತದೆ?"

"ಅಲ್ಲ, ನೋಡೋಕೆ ಚೆನ್ನಾಗಿದೆಯಾ?"

"ನಂಗೆ ಹೇಗೆ ಗೊತ್ತಾಗ್ಬೇಕು? ನಾನು ಹೋಗದೆ ಸುಮಾರು ವರ್ಷ ಆಯ್ತು. ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು? ನೀವು ಬೆಂಗಳೂರಿನವರು ನಂದಿ ಬೆಟ್ಟ ಎಷ್ಟು ಸಲ ನೋಡಿದ್ದೀರಿ?"

"ಒಂದು ಸಲವೂ ಇಲ್ಲ" ಅಂದೆ.

"ಮತ್ತೆ" ಅಂದು ಪ್ಲಗ್ ಕಿತ್ತರು.

ಕನ್ಯಾಕುಮಾರಿಯ ಕಡೆಯ ಆಪರೇಟರ್ ಜೊತೆ ಅವರದೂ ನನ್ನದೂ ಸೇರಿ ಒಂದು ಇಂಗ್ಲಿಷು. ನಾನು ಸಮುದ್ರದ ಬಗ್ಗೆ ಕೇಳುವ ಮೊದಲೇ ಅವರು ಕಬ್ಬನ್ ಪಾರ್ಕಿನ ಬಗ್ಗೆ ಕೇಳಿದರು. ಬೇಸಿಗೆಗೆ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಬರುವ ಯೋಚನೆಯಂತೆ. ಅಲ್ಲಿ ಬಿಸಿಲು, ಬೆವರು, ಆ ಉಪ್ಪುಗಾಳಿ ಯಾರಿಗೆ ಬೇಕು ಅಂದರು.

ಕೊನೆಗೆ ಸಿಕ್ಕಿದ್ದು ಹೊನ್ನಾವರ. ಸಣ್ಣ ಊರು, ಸಣ್ಣ ದನಿ. ಆ ಹೆಂಗಸು ಮಾತ್ರ, "ಇಲ್ಲಿಗೇ ಬನ್ನಿ, ನಮ್ಮ ಮನೆ ಪಕ್ಕ ಒಂದು ಖಾಲಿ ಮನೆ ಇದೆ, ಖಾನಾವಳಿಯವರು ಊಟ ತಂದು ಕೊಡ್ತಾರೆ" ಅಂದರು. ದೇವರು ಇದ್ದಾರೆಯೇ ಅಂತ ಕೇಳಿದೆ. ಇಡಗುಂಜಿ ಗಣಪತಿ ಇಲ್ಲೇ, ಮುರ್ಡೇಶ್ವರ ಆಚೆಗೆ, ಗೋಕರ್ಣ ಈಚೆಗೆ ಅಂದರು. ಊಟ ತಂದು ಕೊಡುವ ಮಾತು ಇನ್ನೊಂದು ಸಲ ಹೇಳಿ ಅಂತ ಕೇಳುತ್ತಿದ್ದೆ. ಅಷ್ಟರಲ್ಲಿ ಹಿಂದೆ ಯಾರೋ ನಿಂತ ಹಾಗಾಯಿತು.

ನಮ್ಮ ಸೂಪರ್‌ವೈಸರ್ ಮೇಡಂ. ಕಟ್ಟುನಿಟ್ಟು ಅಂದರೆ ಕಟ್ಟುನಿಟ್ಟು, ಸೀನಿದರೂ ಕಾರಣ ಕೇಳುವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ಪ್ಲಗ್ ಕೀಳಲು ಕೈ ಹಾಕಿದೆ. ಮೇಡಂ ಬಗ್ಗಿ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಅಂದರು:

"ಆ ಖಾಲಿ ಮನೆ ಕ್ರಿಸ್‌ಮಸ್ ರಜಕ್ಕೂ ಖಾಲಿ ಇರುತ್ತಾ ಕೇಳಮ್ಮ."

ಸ್ನಾನದ ಸೂಟು

ಊರು ಗೊತ್ತಾಯಿತು. ಈಗ ನಮ್ಮವರಿಗೆ ಬಟ್ಟೆಯ ಚಿಂತೆ. ಯಾವುದೋ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಚಿತ್ರ ನೋಡಿದ್ದರಂತೆ. ಸಮುದ್ರಕ್ಕೆ ಪಂಚೆ ಉಟ್ಟುಕೊಂಡು ಇಳಿದರೆ ಅಲೆ ಎಳೆದುಕೊಂಡು ಹೋಗುತ್ತದೆ, ಅದಕ್ಕೆಂದೇ ಬೇದಿಂಗ್ ಸೂಟ್ ಅಂತ ಬರುತ್ತದೆ ಅಂದರು. ನಮ್ಮ ಬೀದಿಯ ಕೊನೆಗಿದ್ದ ಟೈಲರ್ ಹತ್ತಿರ ಹೋದರು. ಬ್ಲೌಸಿನ ಅಳತೆ ಕೊಡಲು ನಾನೂ ಜೊತೆಗಿದ್ದೆ.

"ಸೂಟಾ ಸಾರ್? ಮದುವೇಗಾ?" ಅಂದ ಟೈಲರ್, ಟೇಪು ಕೊರಳಿಂದ ತೆಗೆಯುತ್ತಾ.

"ಅಲ್ಲಪ್ಪ, ಸ್ನಾನಕ್ಕೆ."

ಟೈಲರ್ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ನಮ್ಮವರನ್ನು ಒಂದು ಸಲ ನೋಡಿ, ಇವರಾದರೂ ಸರಿಯಿದ್ದಾರೇನೋ ಅಂತ ನನ್ನನ್ನು ನೋಡಿದ. "ಸೂಟ್ ಹಾಕ್ಕೊಂಡು ಸ್ನಾನ ಮಾಡ್ತೀರಾ ಸಾರ್?"

ನಮ್ಮವರು ಅವನ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ಚಿತ್ರ ಬರೆದು ತೋರಿಸಿದರು. ಇಲ್ಲಿಂದ ಇಲ್ಲಿವರೆಗೆ ಇರಬೇಕು, ಬಿಗಿಯಾಗಿರಬೇಕು, ದೂರದಿಂದ ಕಾಣುವ ಹಾಗೆ ಗೆರೆ ಗೆರೆಯ ಬಟ್ಟೆ ಇರಬೇಕು. ಟೈಲರ್ ಎಲ್ಲಕ್ಕೂ ತಲೆ ಆಡಿಸಿದ. ಒಂದು ವಾರ ಅಲೆಸಿ, ಕಾಗದದಲ್ಲಿ ಸುತ್ತಿ ಕೊಟ್ಟ. ನಮ್ಮವರು ಮನೆಯಲ್ಲಿ ಅದನ್ನು ತೊಟ್ಟು, ಅಳತೆ ಸರಿಯಾಗಿದೆಯೇ ಅಂತ ನೋಡಲು ಹಿತ್ತಲಿನ ಬೆಳಕಿಗೆ ಬಂದರು. ಅಲ್ಲಿ ಗೌಡರು ಎಮ್ಮೆ ಮೈ ತಿಕ್ಕುತ್ತಿದ್ದರು.

ಗೌಡರು ತಿಕ್ಕುವುದನ್ನು ನಿಲ್ಲಿಸಿ ನಮ್ಮವರನ್ನು ನೋಡಿದರು. ಆಮೇಲೆ ಬಗ್ಗಿ ತಮ್ಮನ್ನು ತಾವೇ ನೋಡಿಕೊಂಡರು. ಅವರು ತೊಟ್ಟಿದ್ದೂ ಅದೇ ಗೆರೆ ಗೆರೆಯ ಪಟ್ಟಾಪಟ್ಟಿ ಚಡ್ಡಿ.

"ಇದುಕ್ಕೆ ಟೈಲರ್ ತಾವ ಯಾಕ್ ಓದ್ರಿ ಸಾ" ಅಂದರು ನೊಂದುಕೊಂಡು. "ಒಂದು ಮಾತು ಯೋಳಿದ್ರೆ ನಂದೇ ಒಗ್ದು ಕೊಡ್ತಿರ್ಲಿಲ್ವಾ?"

ಆಚೆ ದಡ

ಸಾಗರದ ದಾರಿಯಾಗಿ ಘಟ್ಟ ಇಳಿದು ಹೊನ್ನಾವರದಲ್ಲಿ ಬಸ್ಸು ನಿಂತಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಅಲ್ಲಿನ ಆಪರೇಟರು ಬಂದು ಕರೆದುಕೊಂಡು ಹೋಗುವುದಕ್ಕೆ ಇನ್ನೂ ಹೊತ್ತಿತ್ತು. ನಮ್ಮವರಿಗೆ ಅಲ್ಲಿಯವರೆಗೆ ತಡೆಯಲು ಆಗಲಿಲ್ಲ. ಯಾರನ್ನೂ ಕೇಳದೆ, ಗಾಳಿ ಬರುವ ಕಡೆಗೆ ಒಂದು ಓಣಿ ಹಿಡಿದು ಹೊರಟರು. ಹಿಂದೆ ಗಂಟುಮೂಟೆ ಹೊತ್ತು ನಾವು, ನಮ್ಮ ಹಿಂದೆ ಅವನ್ನು ಕಾಯುತ್ತಾ ಅತ್ತೆ.

ಓಣಿ ಮುಗಿದ ಕಡೆ ನೀರು. ಎಷ್ಟು ನೀರು ಅಂದರೆ, ಸ್ವಲ್ಪ ದೂರದಿಂದಾಚೆಗೆ ಬೆಳ್ಳಗೆ ಮಂಜು, ಮಂಜಿನಲ್ಲಿ ನೀರು ಎಲ್ಲಿ ಮುಗಿಯಿತೋ ಆಕಾಶ ಎಲ್ಲಿ ಶುರುವಾಯಿತೋ ತಿಳಿಯುತ್ತಿರಲಿಲ್ಲ. ನಮ್ಮವರ ಎದೆ ಉಬ್ಬಿತು.

"ನೋಡಿ ಮಕ್ಕಳೇ. ಇದೇ ಅರಬ್ಬೀ ಸಮುದ್ರ. ಇಲ್ಲಿಂದ ನೇರ ಹೋದರೆ ಅರಬ್ಬರ ದೇಶ. ನಡುವೆ ಒಂದು ಕಡ್ಡಿ ಸಿಗಲ್ಲ."

"ಅಲೆ ಎಲ್ಲಪ್ಪಾ?" ಅಂದಳು ಮಗಳು.

ನಮ್ಮವರು ನೀರನ್ನು ನೋಡಿದರು. ನೀರು ಗೌಡರ ಎಮ್ಮೆಯಷ್ಟು ಶಾಂತವಾಗಿತ್ತು. "ಬೆಳಿಗ್ಗೆ ಬೆಳಿಗ್ಗೆ ಇರಲ್ಲ ಕಣೇ. ಬಿಸಿಲೇರಿದ ಮೇಲೆ ಏಳ್ತವೆ."

ಅತ್ತೆ ಮುಂದೆ ಬಂದು ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಚೀಲದಿಂದ ವಿಭೂತಿ ತೆಗೆದು ನಮಗೆಲ್ಲ ಹಚ್ಚಿದರು. ಬೆಂಗಳೂರಿನಿಂದ ತಂದ ತೆಂಗಿನಕಾಯಿಯನ್ನು ನಮ್ಮವರು ಒಡೆದು ಸಮುದ್ರರಾಜನಿಗೆ ಅರ್ಪಿಸಿದರು. ತೆಂಗಿನ ತೋಟದ ಊರಿಗೆ ನಾವು ಬೆಂಗಳೂರಿನಿಂದ ಕಾಯಿ ಹೊತ್ತು ತಂದಿದ್ದೆವು ಅನ್ನುವುದು ಬೇರೆ ಮಾತು.

ಆಗ ಮಂಜಿನೊಳಗಿಂದ ಒಂದು ದೋಣಿ ಬಂತು. ಅದರಲ್ಲಿ ಹಾಲಿನ ಕ್ಯಾನು, ಒಂದು ಸೈಕಲ್ಲು, ಕೊಡೆ ಹಿಡಿದ ಮೇಷ್ಟರು, ಎರಡು ಮೇಕೆ. ಎಲ್ಲ ಇಳಿದ ಮೇಲೆ ದೋಣಿಯವನು ನಮ್ಮ ಗಂಟುಮೂಟೆ ನೋಡಿ ಕರೆದ.

"ಆಚೆ ದಡಕ್ಕೆ ಬರೂವ್ರು ಹತ್ತಿ."

ನಮ್ಮವರು ದೋಣಿಯನ್ನು ನೋಡಿದರು. ಮೇಕೆಗಳನ್ನು ನೋಡಿದರು, ಮೇಷ್ಟರನ್ನು ನೋಡಿದರು. ಆಮೇಲೆ ಬಹಳ ಗೌರವದಿಂದ ಕೇಳಿದರು:

"ಆಚೆ ದಡಕ್ಕೆ ಅಂದ್ರೆ... ಎಷ್ಟು ದಿನ ಆಗುತ್ತಪ್ಪಾ?"

"ದಿನವಾ?" ಅಂದ ದೋಣಿಯವನು. "ಒಂದು ಬೀಡಿ ಸೇದೂವಷ್ಟು ಹೊತ್ತು."

ಅವನು ಹೇಳುತ್ತಿದ್ದ ಹಾಗೇ ಮಂಜು ಮೇಲೆದ್ದಿತು. ಆಚೆ ದಡದಲ್ಲಿ ತೆಂಗಿನ ಮರಗಳ ಕೆಳಗೆ ಯಾರೋ ಹೆಂಗಸು ಚಾಪೆ ಕೊಡವುತ್ತಿದ್ದಳು. ನಾವು ವಿಭೂತಿ ಹಚ್ಚಿಕೊಂಡು ಕಾಯಿ ಒಡೆದದ್ದು ಶರಾವತಿ ಹೊಳೆಗೆ. ಸಮುದ್ರ ಇನ್ನೊಂದು ಕಡೆ ಇತ್ತು.

ಕೊನೆಗೂ ಸಮುದ್ರ

ಆಪರೇಟರು ನಕ್ಕು ನಕ್ಕು ಸುಸ್ತಾಗಿ, ಸಂಜೆ ತಾವೇ ನಿಜವಾದ ಸಮುದ್ರಕ್ಕೆ ಕರೆದುಕೊಂಡು ಹೋದರು. ಅದನ್ನು ಮೊದಲು ಕಿವಿಯಿಂದ ಕೇಳಿದೆವು, ಆಮೇಲೆ ಕಣ್ಣಿಂದ ನೋಡಿದೆವು. ನೋಡಿದ ಮೇಲೆ ಬೆಳಗಿನ ಹೊಳೆಗೆ ಯಾಕೆ ಮೋಸಹೋದೆವು ಅಂತ ನಾಚಿಕೆಯಾಯಿತು. ಮಕ್ಕಳು ಒಂದೇ ಓಟಕ್ಕೆ ನೀರಿಗಿಳಿದರು. ನಮ್ಮವರು ಸೂಟಿನಲ್ಲಿ ಮೊಣಕಾಲಿನವರೆಗೆ ಇಳಿದು, ಸೊಂಟದ ಮೇಲೆ ಕೈಯಿಟ್ಟು, ಅಲ್ಲೇ ನಿಂತರು.

ಅತ್ತೆ ಮಾತ್ರ ದೂರದ ಒಣ ಮರಳಿನಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ಚೀಲಗಳ ನಡುವೆ ಕೂತುಬಿಟ್ಟರು. ಬನ್ನಿ ಅತ್ತೆ ಅಂದೆ. "ನನಗ್ಯಾಕ ಬೇಕವಾ" ಅಂದರು. ನನಗೆ ಬೇಸರವಾಯಿತು. ಇಷ್ಟು ದೂರ ಬಂದದ್ದೇ ಇವರಿಗಾಗಿ.

ಅಲ್ಲೇ ಪಕ್ಕದಲ್ಲಿ ಬಲೆ ಬಿಡಿಸುತ್ತಾ ಒಬ್ಬ ಹೆಂಗಸು ಕೂತಿದ್ದಳು. ಮೀನುಗಾರರವಳು, ಅತ್ತೆಗಿಂತ ಸ್ವಲ್ಪ ಚಿಕ್ಕವಳು, ಗಟ್ಟಿ ಮೈಕಟ್ಟು. ಬಲೆಯಿಂದ ಕಣ್ಣೆತ್ತದೆ ಕೇಳಿದಳು, "ಎಂತದೇ ಅಕ್ಕ, ಹೆದರಿಕೆಯಾ?"

"ಹೆದರಿಕಿ ಏನಿಲ್ಲ."

"ಹಂಗಾರೆ ಸಿಟ್ಟಾ?"

ಅತ್ತೆ ಒಂದು ಹಿಡಿ ಮರಳು ಎತ್ತಿ ಸುರಿದರು. ಯಾರಿಗೋ ಹೇಳುವ ಹಾಗೆ, "ಅವರು ಇದ್ದಾಗ ಬರಬೇಕಾಗಿತ್ತು" ಅಂದರು. ನಮ್ಮ ಹತ್ತಿರ ಒಂದು ವರ್ಷದಲ್ಲಿ ಆಡದ ಮಾತು ಅದು.

ಹೆಂಗಸು ಬಲೆ ಕೆಳಗಿಟ್ಟಳು. "ನನ್ನ ಗಂಡ ಹೋಗಿದ್ದೇ ಇದರಾಗೆ" ಅಂದಳು, ಸಮುದ್ರದ ಕಡೆ ಗಲ್ಲ ತೋರಿಸಿ. "ನಾ ದಿನಾ ಬತ್ತೆ, ಬೈತೆ, ಕಾಲು ತೊಳ್ಕಂಡು ಹೋಗ್ತೆ. ಏಳು." ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. ಆ ಹಿಡಿತಕ್ಕೆ ಯಾರೂ ಬೇಡ ಅನ್ನುವ ಹಾಗಿರಲಿಲ್ಲ. ಅತ್ತೆ ಕೊರಳಿನ ಲಿಂಗದ ಕರಡಿಗೆಯನ್ನು ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದು ಅವಳ ಹಿಂದೆ ನಡೆದರು.

ಒಂದು ಅಲೆ ಬಂದು ಪಾದ ಮುಳುಗಿಸಿತು. ಹಿಂದಕ್ಕೆ ಹೋಗುವಾಗ ಕಾಲಿನ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಯಿತು. ಅತ್ತೆ "ಯಪ್ಪಾ, ಯಾರೋ ನೆಲ ಕಳವು ಮಾಡಾಕತ್ತಾರ" ಅನ್ನುತ್ತಾ ದೊಪ್ಪನೆ ಕೂತರು. ಮುಂದಿನ ಅಲೆ ನೇರ ಮಡಿಲಿಗೆ ಬಂತು. ನಾನು ಓಡಿದೆ. ಹತ್ತಿರ ಹೋದಾಗ ನೋಡುತ್ತೇನೆ, ಅತ್ತೆ ನಗುತ್ತಿದ್ದಾರೆ. ಭುಜ ಅಲುಗುತ್ತಿದೆ, ಕಣ್ಣು ಮುಚ್ಚಿದೆ, ಸದ್ದೇ ಬಾರದಷ್ಟು ನಗು. ಎಬ್ಬಿಸಲು ಹೋದರೆ ನನ್ನ ಕೈ ತಳ್ಳಿದರು. ಕತ್ತಲಾಗುವವರೆಗೂ ಏಳಲಿಲ್ಲ. ಮರುದಿನ ಇಡಗುಂಜಿಗೆ ಹೋಗಬೇಕಲ್ಲ ಅಂದರೆ, "ಗಣಪ್ಪ ಎಲ್ಲಿ ಓಡಿ ಹೋಗತಾನ?" ಅಂದರು. ಆ ನಾಲ್ಕು ದಿನವೂ ಗಣಪ್ಪ ಕಾದ, ಮುರ್ಡೇಶ್ವರನೂ ಕಾದ.

ಆ ಮೊದಲ ಸಂಜೆ ನಮ್ಮವರು ಅಲ್ಲೇ ನಿಂತು ತಾಯಿಯನ್ನೇ ನೋಡುತ್ತಿದ್ದರು. ಕಣ್ಣು ಕೆಂಪಗಾಗಿತ್ತು. ಏನಾಯ್ತು ಅಂದೆ. ಉಪ್ಪು ನೀರು ಕಣ್ಣಿಗೆ ಹೋಯ್ತು ಅಂದರು. ನೀರು ಅವರ ಮೊಣಕಾಲಿನಿಂದ ಮೇಲಕ್ಕೆ ಹತ್ತಿರಲೇ ಇಲ್ಲ.

ಮರುಭೇಟಿ

ಹೊರಡುವ ದಿನ ಅತ್ತೆ ಆ ಬಲೆಯ ಹೆಂಗಸಿನ ಕೈ ಹಿಡಿದುಕೊಂಡು, "ನಮ್ಮೂರಿಗೂ ಬಾರವ್ವ ತಂಗಿ" ಅಂದರು. ಹೊರಡುವಾಗ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ಯಾರೂ ಬರುವುದಿಲ್ಲ. ಆದ್ದರಿಂದ ಮುಂದಿನ ಮಳೆಗಾಲದ ಶುರುವಿನಲ್ಲಿ ಹೊನ್ನಾವರದ ಆಪರೇಟರು ಲೈನಿಗೆ ಬಂದು, "ನಿಮ್ಮ ಅತ್ತೆಯ ಗೆಳತಿ ಬಸ್ ಹತ್ತಿದ್ದಾಳೆ ಮಾರಾಯ್ತಿ. ವಿಳಾಸ ನಾನೇ ಕೊಟ್ಟೆ" ಅಂದಾಗ ನನಗೆ ಕೈಯಲ್ಲಿದ್ದ ಕರೆ ಯಾವ ಊರಿನದು ಅನ್ನುವುದೇ ಮರೆತುಹೋಯಿತು.

ಅಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ಹಾಕುವ ಕಾಲ, ಅವಳಿಗೆ ಬಿಡುವು. ನಮ್ಮ ಕಡೆ ಮಳೆ ಇನ್ನೂ ತಲೆ ಹಾಕಿರಲಿಲ್ಲ. ಬೆಳಿಗ್ಗೆ ಜಟಕಾದಿಂದ ಇಳಿದಳು, ತಲೆಯ ಮೇಲೆ ಒಂದು ಬುಟ್ಟಿ. ಬುಟ್ಟಿ ಬರುವುದಕ್ಕಿಂತ ಮುಂಚೆ ಅದರ ವಾಸನೆ ಬಂತು. ನಮ್ಮದು ಈರುಳ್ಳಿಗೂ ಸೋಮವಾರ ರಜೆ ಕೊಡುವ ಮನೆ.

"ನೀವು ತಿನ್ನೂದಿಲ್ಲ ಅಂತ ಗೊತ್ತದೆ ಅಕ್ಕ" ಅಂದಳು ಬುಟ್ಟಿ ಇಳಿಸುತ್ತಾ. "ಅದಕ್ಕೇ ಬರೀ ಸಣ್ಣ ಸಣ್ಣ ಒಣಮೀನು ತಂದೆ."

ನಾನೂ ನಮ್ಮವರೂ ಗೋಡೆಗೆ ಅಂಟಿಕೊಂಡು ನಿಂತೆವು. ಅತ್ತೆ ಸೆರಗನ್ನು ಮೂಗಿಗೂ ಒಯ್ಯಲಿಲ್ಲ. "ಇಷ್ಟು ದೂರ ಹೊತ್ತು ತಂದಾಳ" ಅಂದು ಬುಟ್ಟಿಗೆ ಒಂದು ಕೈ ತಾವೇ ಹಾಕಿ, ನಮ್ಮವರನ್ನೂ ಇನ್ನೊಂದು ಕಡೆ ಹಿಡಿಯಲು ಹೇಳಿ, ನೇರ ಗೌಡರ ಮನೆಗೆ ಒಯ್ದರು. ಆ ದಿನದಿಂದ ಗೌಡರು ನಮ್ಮವರನ್ನು ಸಾ ಅನ್ನುವುದು ಬಿಟ್ಟು ಅಣ್ಣ ಅನ್ನಲು ಶುರುಮಾಡಿದರು.

ಸಂಜೆ ನಮ್ಮವರು ಅತಿಥಿಯ ಎದುರು ಕೂತು, ಬೆಂಗಳೂರಿನಲ್ಲಿ ನೋಡುವಂಥದ್ದನ್ನೆಲ್ಲ ವಿವರಿಸಿದರು. ವಿಧಾನಸೌಧ, ಲಾಲ್‌ಬಾಗಿನ ಗಾಜಿನ ಮನೆ, ಕಬ್ಬನ್ ಪಾರ್ಕು. ನೀವೇ ಆರಿಸಿ, ನಾಳೆ ಎಲ್ಲಿಗೆ ಹೋಗೋಣ ಅಂದರು. ಅವಳು ಎಲ್ಲದಕ್ಕೂ, "ಆಯ್ತು, ನೋಡ್ವ" ಅಂದಳು.

ಮರುದಿನ ಬೆಳಿಗ್ಗೆ ಬೀದಿ ನಲ್ಲಿಯಲ್ಲಿ ನೀರು ಬರುವ ದಿನ. ಆ ಬೇಸಿಗೆಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಬಂದರೂ ಬಂದ ಹಾಗೆ ಇರುತ್ತಿರಲಿಲ್ಲ. ಗೌಡರ ಮನೆ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಬಿಂದಿಗೆ, ಬಕೆಟ್ಟು, ಸೀಮೆಎಣ್ಣೆ ಡಬ್ಬ, ಅಡುಗೆಯ ತಪ್ಪಲೆ, ಹಾಲಿನ ಚೊಂಬು, ಯಾರದೋ ಮಗುವಿನ ಸ್ನಾನದ ಬೋಸಿ. ಸಾಲಿನ ತಲೆಯಲ್ಲಿ ಮಣೆ ಹಾಕಿಕೊಂಡು ನಮ್ಮ ಅತ್ತೆ. ಸಮುದ್ರದಿಂದ ಬಂದ ಮೇಲೆ ಅವರು ಗೋಡೆ ಬಿಟ್ಟು ನಲ್ಲಿಯ ಅಧಿಕಾರ ವಹಿಸಿಕೊಂಡಿದ್ದರು. ಯಾರ ಬಿಂದಿಗೆ ಯಾರ ಹಿಂದೆ ಅಂತ ಅವರು ಹೇಳಿದ್ದೇ ತೀರ್ಪು. ಗೌಡರ ಹೆಂಡತಿ ಮತ್ತು ಎದುರು ಮನೆಯವರು ಒಂದು ಬಿಂದಿಗೆ ಹಿಂದೋ ಮುಂದೋ ಅಂತ ಜಗಳ ಆಡುತ್ತಿದ್ದರು. ಹಿಂದುಗಡೆ ಎಮ್ಮೆಗಳು ಕೂಗುತ್ತಿದ್ದವು. ನಲ್ಲಿಯಲ್ಲಿ ಮಗುವಿನ ಕಿರುಬೆರಳಿನಷ್ಟು ದಪ್ಪ ನೀರು, ಅದೂ ಯೋಚನೆ ಮಾಡಿ ಮಾಡಿ ಬೀಳುತ್ತಿತ್ತು.

ಗೆಳತಿ ಎದ್ದು, ಕಣ್ಣು ಉಜ್ಜಿಕೊಳ್ಳುತ್ತಾ ಹೊಸ್ತಿಲಿಗೆ ಬಂದಳು. ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ನಲ್ಲಿಯ ಹತ್ತಿರ ಹೋಗಿ, ಬಗ್ಗಿ, ಆ ನೀರನ್ನು ನೋಡಿದಳು. ಜಗಳ ನಿಂತು ಎಲ್ಲರೂ ಹೊಸಬಳನ್ನೇ ನೋಡತೊಡಗಿದರು. ಅವಳು ಅತ್ತೆಯ ಭುಜದ ಮೇಲೆ ಕೈಯಿಟ್ಟಳು.

"ಅಕ್ಕ, ನೀವು ಬಂದು ಹೋದ ಮೇಲೆ ನಮ್ಮ ಕೇರಿಯವ್ರೆಲ್ಲ ನನ್ನ ಕೇಳಿದ್ರು, ಆ ಬೆಂಗಳೂರಿನವ್ರು ಒಂದು ರಾತ್ರಿ ಬಸ್ಸಿನಾಗೆ ಕೂತು ಬಂದು, ನಾಲ್ಕು ದಿನ ಬರೀ ನೀರು ನೋಡ್ಕಂಡು ಕೂತ್ರಲ್ಲ, ತಲೆ ಸಮ ಇಲ್ವಾ ಅಂತ. ನಂಗೂ ಹೇಳೂಕೆ ಗೊತ್ತಾಗ್ಲಿಲ್ಲ." ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. "ಈಗ ಹೋಗಿ ಹೇಳ್ತೆ. ಪಾಪ, ಅವ್ರು ನೀರೇ ಕಂಡವ್ರಲ್ಲ ಅಂತ."